ಲೋಟದಲ್ಲಿ ಕಂಡ ಕೊಳೆ ಎಲ್ಲಿಯದು?

ಫಿಲ್ಟರ್ ಮಾರುವವರು ನಿಮ್ಮ ಮನೆಯ ಕಾವೇರಿ ನೀರಿಗೆ ಕಡ್ಡಿ ಅದ್ದಿ ಕರೆಂಟ್ ಹಾಯಿಸಿದಾಗ ನೀರು ಕಂದು ಕೆಸರಾಯಿತು, ಅವರ ಆರ್‌ಓ (ಲವಣ ಸೋಸಿ ತೆಗೆಯುವ ಯಂತ್ರದ) ನೀರು ಮಾತ್ರ ತಿಳಿಯಾಗಿಯೇ ಉಳಿಯಿತು; ಇಷ್ಟು ವರ್ಷ ಕುಡಿದದ್ದು ಈ ಕೊಳೆಯನ್ನೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಆ ಕೆಸರು ಬಂದದ್ದು ಅವರು ಅದ್ದಿದ ಕಬ್ಬಿಣದ ಕಡ್ಡಿಯಿಂದ.

ಎರಡು ವರ್ಷದ ಹಿಂದೆ ಬೆಂಗಳೂರಿನ ವಿಜಯನಗರದ ನಮ್ಮ ಮನೆಗೂ ಹೀಗೆಯೇ ಒಬ್ಬರು ಬಂದಿದ್ದರು. ನಾನು ಪಾಠ ಮಾಡಲು ಶಾಲೆಗೆ ಹೋಗಿದ್ದೆ, ಮನೆಯಲ್ಲಿ ಅತ್ತೆ ಒಬ್ಬರೇ. ಸಂಜೆ ಬಂದು ನೋಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ ಆ ಲೋಟ ಹಾಗೆಯೇ ಇತ್ತು, ತಳದಲ್ಲಿ ಕಂದು ಗಸಿ. ಅತ್ತೆ ಮುಂಗಡ ಹಣವನ್ನೂ ಕೊಟ್ಟಾಗಿತ್ತು. "ಮಕ್ಕಳಿಗೆ ಇದನ್ನೇ ಕುಡಿಸಿಬಿಟ್ಟೆನಲ್ಲಮ್ಮಾ" ಎಂದು ಅವರು ಕಣ್ಣೊರೆಸಿಕೊಂಡರು. ಹಣ ಹೋದದ್ದಕ್ಕಿಂತ ಆ ಮಾತಿಗೇ ನನಗೆ ಹೆಚ್ಚು ಸಿಟ್ಟು ಬಂದದ್ದು.

ಅಂದು ರಾತ್ರಿಯೇ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು 9 ವೋಲ್ಟ್‌ನ ಬ್ಯಾಟರಿಗೆ ಎರಡು ಕಬ್ಬಿಣದ ಮೊಳೆ ಜೋಡಿಸಿದೆ. (ಮನೆಯ ಪ್ಲಗ್ಗಿನ ಕರೆಂಟಿನಲ್ಲಿ ಇದನ್ನು ಎಂದೂ ಮಾಡಬೇಡಿ.) ನಲ್ಲಿ ನೀರಿನಲ್ಲಿ ಇಟ್ಟಾಗ ಒಂದು ಮೊಳೆಯ ಸುತ್ತ ಗುಳ್ಳೆ ಎದ್ದಿತು, ಇನ್ನೊಂದರಿಂದ ಹಸಿರು ಮಿಶ್ರಿತ ಕಂದು ಬಣ್ಣ ನಿಧಾನವಾಗಿ ಇಳಿಯತೊಡಗಿತು. ಪಕ್ಕದ ಮನೆಯಿಂದ ತಂದ ಆರ್‌ಓ ನೀರು ತಿಳಿಯಾಗಿಯೇ ಇತ್ತು. ಅದಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಕಿದೆ. ಸ್ವಲ್ಪ ಹೊತ್ತಿಗೆ ಅದು ನಲ್ಲಿ ನೀರಿಗಿಂತ ಹೆಚ್ಚು ಕದಡಿತು. ಕೊನೆಗೆ ಮೊಳೆ ತೆಗೆದು, ಎರಡೂ ತುದಿ ಕೆತ್ತಿದ ಪೆನ್ಸಿಲ್‌ಗಳನ್ನು ಹೊಸದಾಗಿ ಹಿಡಿದ ನಲ್ಲಿ ನೀರಿಗೆ ಇಳಿಸಿದೆ. ಗುಳ್ಳೆ ಬಂತು, ಕಂದು ಬರಲಿಲ್ಲ. ಕೊಳೆ ನೀರಿನಲ್ಲೇ ಇದ್ದಿದ್ದರೆ ಆಗಲೂ ಬರಬೇಕಿತ್ತಲ್ಲವೇ? ಅತ್ತೆ ಲೋಟವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

ಲವಣ ಕರಗಿದ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಹರಿದಾಗ ಧನಧ್ರುವಕ್ಕೆ ಜೋಡಿಸಿದ ಕಬ್ಬಿಣ ಸವೆದು ನೀರಿಗೆ ಇಳಿದು ತುಕ್ಕಾಗುತ್ತದೆ. ಆರ್‌ಓ ನೀರಿನಲ್ಲಿ ಲವಣ ತೀರ ಕಡಿಮೆ, ಆದ್ದರಿಂದ ಹರಿವೂ ಇಲ್ಲ, ತುಕ್ಕೂ ಇಲ್ಲ.

ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ (ಟಿಡಿಎಸ್) ತೋರಿಸುವ ಮೀಟರಿನದೂ ಇದೇ ಕಥೆ. ಅದು ಅಳೆಯುವುದು ನೀರು ಎಷ್ಟು ವಿದ್ಯುತ್ ಹಾಯಿಸುತ್ತದೆ ಎಂಬುದನ್ನು. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಎಳನೀರಿಗೆ ಅದ್ದಿದರೆ ಸಾವಿರಗಳಲ್ಲಿ ತೋರಿಸುತ್ತದೆ, ಎಳನೀರನ್ನು ಯಾರಾದರೂ ವಿಷ ಎನ್ನುತ್ತಾರೆಯೇ? ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಬಳಸಬಹುದು ಎನ್ನುತ್ತದೆ. ನಮ್ಮ ಮನೆಯ ಕಾವೇರಿ ನೀರು 200ರ ಆಸುಪಾಸಿನಲ್ಲಿದೆ.

ಆರ್‌ಓ ಎಲ್ಲರಿಗೂ ಬೇಡ ಎನ್ನುತ್ತಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನಂಬಿದವರಿಗೆ ಗಡಸುತನ, ನೈಟ್ರೇಟ್‌ಗಳ ತೊಂದರೆ ನಿಜವಾಗಿ ಇರಬಹುದು, ನೈಟ್ರೇಟ್ ಕುದಿಸಿದರೂ ಹೋಗುವುದಿಲ್ಲ. ಅಂಥವರು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ವರದಿ ನೋಡಿ ಕೊಳ್ಳಲಿ. ಆದರೆ ಕಾವೇರಿ ನೀರಿಗೆ ಆರ್‌ಓ ಹಾಕಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ನೀರು ಅದು. ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಮೋರಿಗೆ ಹೋಗುವ ಯಂತ್ರಗಳೇ ಹೆಚ್ಚು. 2024ರ ಬೇಸಿಗೆಯಲ್ಲಿ ಕೊಡಕ್ಕಾಗಿ ಸಾಲು ನಿಂತವರ ಊರು ಇದು.

ನೀವು ಚಿಂತಿಸಬೇಕಾದದ್ದು ನಿಮ್ಮ ಸಂಪಿನ ಬಗ್ಗೆ. ಜಲಮಂಡಳಿ ಕ್ಲೋರಿನ್ ಹಾಕಿ ಕಳಿಸಿದ ನೀರು ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತು ಕೆಡುತ್ತದೆ. ಪಕ್ಕದ ಒಳಚರಂಡಿ ಪೈಪು ಸೋರಿದರಂತೂ ಕೇಳುವುದೇ ಬೇಡ. ಆ ಅಪಾಯ ಮೀಟರಿನಲ್ಲೂ ಕಾಣದು, ಕಡ್ಡಿಯಲ್ಲೂ ಕಾಣದು. ಸಂಪಿನ ಮುಚ್ಚಳ ಸರಿಯಾಗಿ ಕೂರುತ್ತದೆಯೇ ನೋಡಿ, ತೊಳೆಸಿ ಎಷ್ಟು ತಿಂಗಳಾಯಿತು ಎಂದು ಲೆಕ್ಕ ಹಾಕಿ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಮುಚ್ಚಿಡಿ. ಮಾರುವವರು ಮತ್ತೆ ಬಂದರೆ, ಅವರ ಆರ್‌ಓ ನೀರಿನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿಸಿ, ಅದೇ ಕಡ್ಡಿ ಅದ್ದಿ ತೋರಿಸಲು ಕೇಳಿ.