‘ಹುಲ್ಲೇ ತಾನೇ, ಮತ್ತೆ ಚಿಗುರುತ್ತೆ’ ಎಂದ ಓದುಗರಿಗೆ

ಹಾಸನದಿಂದ ಪತ್ರ ಬರೆದ ಓದುಗರೇ, ನಮಸ್ಕಾರ.

ನಿಮ್ಮ ಎರಡು ಪುಟದ ಪತ್ರ ಓದಿದೆ. ಸಿಟ್ಟು ಅಕ್ಷರದಲ್ಲೇ ಕಾಣುತ್ತಿದೆ. ಬೆಟ್ಟ ಹತ್ತಲು ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕುವುದು ಒಳ್ಳೆಯದೇ ಎಂದು ಹೋದ ಸಂಚಿಕೆಯಲ್ಲಿ ನಾವು ಬರೆದಿದ್ದೆವು. ಅದಕ್ಕೆ ನೀವು ಕೇಳಿದ್ದು ಹೀಗೆ: “ಕುದುರೆಮುಖದಲ್ಲಿ ಗಣಿಯವರು ಬೆಟ್ಟವನ್ನೇ ಬಗೆದರು, ಆಗ ಇಲ್ಲದ ಕಾಳಜಿ ಈಗ ನನ್ನ ಶೂ ಮೇಲೆ ಯಾಕೆ? ಹುಲ್ಲೇ ತಾನೇ, ಮಳೆ ಬಂದರೆ ಮತ್ತೆ ಚಿಗುರುತ್ತೆ. ಆನ್‌ಲೈನ್ ಟಿಕೆಟ್ ಅಂದರೆ ಬೆಟ್ಟ ಬೆಂಗಳೂರಿನವರಿಗೆ ಮಾತ್ರ ಅಲ್ವಾ?” ಕೊನೆಯಲ್ಲಿ ಒಂದು ಸಾಲು, ಅಕ್ಟೋಬರ್ ರಜೆಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು. ಇಷ್ಟು ಬೈದ ಮೇಲೂ ನಮ್ಮನ್ನೇ ಕೇಳಿದಿರಲ್ಲ, ಖುಷಿಯಾಯಿತು.

ಗಣಿ ಮಾಡಿದ ಹಾನಿಗೆ ನಮ್ಮೆಲ್ಲರ ಶೂ ಸೇರಿಸಿದರೂ ಸಮ ಆಗುವುದಿಲ್ಲ, ಒಪ್ಪಿದೆ. ಆದರೆ ಆಗ ಕಾಳಜಿ ಇರಲಿಲ್ಲ ಎಂದರೆ ಒಪ್ಪುವುದಿಲ್ಲ. ಜನ ವರ್ಷಗಟ್ಟಲೆ ಬೀದಿಗಿಳಿದು, ಕೋರ್ಟಿಗೆ ಅಲೆದಿದ್ದಾರೆ. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಕಷ್ಟದಲ್ಲಿ ಉಳಿದ ಬೆಟ್ಟ ಅದು.

ಇನ್ನು ಹುಲ್ಲಿನ ವಿಷಯ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಸುಮಾರು ವರ್ಷಗಳ ಹಿಂದೆ, ಜುಲೈ ತಿಂಗಳು, ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನ ಒಂದು ನೆತ್ತಿಯ ಮೇಲೆ ನಾವು ಏಳು ಜನ ನಡೆಯುತ್ತಿದ್ದೆವು. ಒಂದೂವರೆ ಅಡಿ ಅಗಲದ ಕಾಲುದಾರಿ, ನಡುವೆ ಕೆಸರು. ಹೊಸ ಶೂ ಕೆಡಬಾರದು ಎಂದು ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟೆ. ಹಿಂದಿನವರು ನನ್ನ ಹೆಜ್ಜೆಯ ಮೇಲೇ ಬಂದರು. ಎರಡು ಮಳೆಗಾಲ ಕಳೆದು ಅದೇ ಜಾಗಕ್ಕೆ ಹೋದರೆ ಒಂದರ ಪಕ್ಕ ಒಂದು ನಾಲ್ಕು ದಾರಿ, ನಡುವಿನದು ಮೊಣಕಾಲುದ್ದದ ಕೊರಕಲು. ಕೂತು ಅದರ ಗೋಡೆ ನೋಡಿದೆ. ಮೇಲೆ ಒಂದು ಗೇಣು ಕಪ್ಪು ಮಣ್ಣು, ಅದರ ತುಂಬ ಹುಲ್ಲಿನ ಬೇರು, ಕಂಬಳಿ ನೇಯ್ದ ಹಾಗೆ. ಅದರ ಕೆಳಗೆ ಬರೀ ಕೆಂಪು ಜಲ್ಲಿ. ಬೆರಳಲ್ಲಿ ತಟ್ಟಿದರೆ ಉದುರುತ್ತಿತ್ತು.

ಆ ಕಂಬಳಿ ಹರಿದರೆ ಮಳೆ ಬಂದಾಗ ಹುಲ್ಲು ಚಿಗುರುವುದಿಲ್ಲ, ಮಣ್ಣೇ ಹೋಗುತ್ತದೆ. ದಾರಿ ಕಾಲುವೆಯಾಗುತ್ತದೆ, ಜನ ಪಕ್ಕಕ್ಕೆ ಸರಿಯುತ್ತಾರೆ, ಅದೂ ಕಾಲುವೆಯಾಗುತ್ತದೆ. ಮೇಲೆ ಹುಲ್ಲು ಬೆಟ್ಟ, ಮಡಿಲಿನ ಕಣಿವೆಯಲ್ಲಿ ಶೋಲಾ ಎನ್ನುವ ಕುಳ್ಳ ಮರಗಳ ದಟ್ಟ ಕಾಡು, ಎರಡೂ ಸೇರಿ ಮಳೆ ನೀರು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇಂಥದ್ದೇ ಜಾಗ. ಅಷ್ಟು ದೂರ ಯಾಕೆ, ಬೆಟ್ಟದ ಬುಡದ ಮನೆಗಳಿಗೆ ಬೇಸಿಗೆಯಲ್ಲೂ ಪೈಪಿನಲ್ಲಿ ಅಬ್ಬಿ (ಝರಿ) ನೀರು ಬರುವುದು ಮೇಲಿನ ಈ ಹುಲ್ಲು, ಕಾಡಿನಿಂದಲೇ. (ಮರ ಇಲ್ಲದ ಜಾಗ ಅಂದರೆ ಪಾಳು ಎಂದುಕೊಂಡು ಹಿಂದೆ ಸರ್ಕಾರದವರೇ ಕುದುರೆಮುಖದ ಹುಲ್ಲುಗಾವಲಿನಲ್ಲಿ ಅಕೇಶಿಯಾ ನೆಟ್ಟಿದ್ದರು. ‘ಹುಲ್ಲೇ ತಾನೇ’ ಅಂದವರು ನೀವೊಬ್ಬರೇ ಅಲ್ಲ ಬಿಡಿ.)

ಮಿತಿಯ ಬಗ್ಗೆ ನನ್ನ ತಕರಾರು ಬೇರೆ ಇದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜಾತ್ರೆ ಸೇರಿದ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು, ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಒಳ್ಳೆಯದೇ. ಆದರೆ ಜುಲೈಗೂ 300, ಡಿಸೆಂಬರಿಗೂ 300 ಅಂದರೆ ಹೇಗೆ? ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ, ಸರಿ. ಮಣ್ಣು ನೆಂದು ಹಿಟ್ಟಿನ ಹಾಗಿರುವ ಮಳೆಗಾಲದಲ್ಲಿ ಹಲವು ದಾರಿ ತೆರೆದಿಡುತ್ತಾರೆ, ರೀಲ್ಸ್ ನೋಡಿದವರೆಲ್ಲ ಬರುವುದೂ ಆಗಲೇ. ಒಣ ತಿಂಗಳಲ್ಲಿ ಬೇಕಾದರೆ ಇನ್ನೂ ಜಾಸ್ತಿ ಜನರನ್ನು ಬಿಡಲಿ, ಜೋರು ಮಳೆಯ ಎರಡು ತಿಂಗಳು ಬಾಗಿಲು ಹಾಕಲಿ. ದಾರಿಯಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಕಲ್ಲು ಕೂರಿಸಿ ನೀರನ್ನು ಪಕ್ಕಕ್ಕೆ ತಿರುಗಿಸಲಿ, ತೋಟದಲ್ಲಿ ನಮ್ಮವರು ಮಾಡಿಕೊಂಡೇ ಬಂದಿರುವ ಕೆಲಸ ಅದು. ಕೇರಳದ ಇರವಿಕುಳ ರಾಷ್ಟ್ರೀಯ ಉದ್ಯಾನದಲ್ಲಿ ವರೆಯಾಡು (ನೀಲಗಿರಿ ತಾರ್ ಎನ್ನುವ ಕಾಡುಮೇಕೆ) ಮರಿ ಹಾಕುವ ಕಾಲಕ್ಕೆ ಪಾರ್ಕನ್ನೇ ಮುಚ್ಚುತ್ತಾರೆ, ಪ್ರವಾಸಿಗರು ಬರುವುದನ್ನೇನೂ ಬಿಟ್ಟಿಲ್ಲ.

ಚಿಕ್ಕಮಗಳೂರಿನ ಗಿರಿಯಲ್ಲಿ 2025ರ ಸೆಪ್ಟೆಂಬರ್‌ನಿಂದ ಲೆಕ್ಕ ಜನರದ್ದಲ್ಲ, ವಾಹನದ್ದು. ಬೆಳಗ್ಗೆ 600, ಮಧ್ಯಾಹ್ನದ ಮೇಲೆ 600, ಅದೂ ಮೊದಲೇ ಬುಕ್ ಮಾಡಿದವರಿಗೆ. ಮುಳ್ಳಯ್ಯನಗಿರಿಯ ಆ ಕಿರಿದಾದ ರಸ್ತೆಯಲ್ಲಿ ಭಾನುವಾರ ಎರಡು ತಾಸು ಕಾರಿನಲ್ಲೇ ಕೂತವನಾಗಿ ಇದಕ್ಕೆ ನನ್ನ ಪೂರ್ತಿ ಓಟು.

ಟಿಕೆಟ್ ವಿಷಯದಲ್ಲಿ ಮಾತ್ರ ನೀವು ಹೇಳಿದ್ದೇ ಸರಿ. ಮೊಬೈಲ್ ಹಿಡಿದು ಬೇಗ ಒತ್ತಿದವರಿಗೆ ಬೆಟ್ಟ, ನೆಟ್‌ವರ್ಕ್ ಇಲ್ಲದ ಪಕ್ಕದ ಊರಿನ ಹುಡುಗನಿಗೆ ಇಲ್ಲ ಅಂದರೆ ಅನ್ಯಾಯ. ದಿನಕ್ಕೆ ಒಂದಷ್ಟು ಟಿಕೆಟನ್ನು ಗೇಟಿನಲ್ಲೇ, ಆ ತಾಲೂಕಿನವರಿಗೆ ಎಂದು ಇಡಬೇಕು. ಊರಿನವರನ್ನು ಹೊರಗಿಟ್ಟು ಬೆಟ್ಟ ಉಳಿಸಲು ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಮಹಾರಾಷ್ಟ್ರದ ಕಾಸ್ ಪಠಾರ ನೋಡಿ. ಹೂವಿನ ಬಯಲು ತುಳಿಯಬಾರದು ಎಂದು ಸುತ್ತ ಬೇಲಿ ಹಾಕಿದರು. ಊರಿನವರ ದನ ಮೇಯುವುದು ನಿಂತು ಹುಲ್ಲು ಎತ್ತರಕ್ಕೆ ಬೆಳೆಯಿತು, ಹೂವೇ ಕಮ್ಮಿಯಾಯಿತು. ಕೊನೆಗೆ ಬೇಲಿ ಕಿತ್ತರು.

ನಮ್ಮ ಪತ್ರಿಕೆಯ ತಪ್ಪನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ಚಂದ್ರದ್ರೋಣದಲ್ಲಿ ನೀಲಕುರಿಂಜಿ ಅರಳಿದಾಗ ನಾವು ಯಾವ ತಿರುವಿನಲ್ಲಿ ಇಳಿಯಬೇಕು ಎನ್ನುವುದರ ಸಮೇತ ಬರೆದೆವು. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಜನ ಗೊಂಚಲು ಗೊಂಚಲಾಗಿ ಕಿತ್ತುಕೊಂಡು ಫೋಟೋ ತೆಗೆಸಿಕೊಂಡರು. ಇನ್ನು ಅಂಥ ತಿರುವು ಬರೆಯುವುದಿಲ್ಲ.

ಕೊನೆಯದಾಗಿ ನಿಮ್ಮ ರಜೆ. ಎಲ್ಲಿಗೆ ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಆಗುವುದಾದರೆ ಡಿಸೆಂಬರಿಗೆ ಹಾಕಿಕೊಳ್ಳಿ, ವಾರದ ನಡುವೆ. ನೆಲ ಗಟ್ಟಿಯಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಅಕ್ಟೋಬರ್‌ನಲ್ಲೇ ಹೋಗುವುದಾದರೆ ಇಂಬಳ (ಜಿಗಣೆ) ಇನ್ನೂ ಇರಬಹುದು, ಒಂದು ಬಟ್ಟೆ ಚೂರಿನಲ್ಲಿ ಸುಣ್ಣ, ಹೊಗೆಸೊಪ್ಪು ಕಟ್ಟಿಕೊಳ್ಳಿ. ಹಳೇ ಶೂ ಹಾಕಿಕೊಳ್ಳಿ, ಕೆಸರು ಬಂದರೆ ಪಕ್ಕಕ್ಕೆ ಹೋಗದೆ ಕೆಸರಲ್ಲೇ ನಡೆಯಿರಿ. ಮಕ್ಕಳಿಗೆ ಇದನ್ನು ಹೇಳಿಕೊಡುವ ಕೆಲಸ ಇರುವುದಿಲ್ಲ.

— ಸಂಪಾದಕ