ಡಾಕ್ಟರು ಎರಡನೇ ಸಲ ಕೇಳಿದಾಗ

ಈ ವಾರಕ್ಕೆ ಬೇರೆ ಪತ್ರ ಆರಿಸಿ, ಉತ್ತರವನ್ನೂ ಬರೆದಿಟ್ಟಿದ್ದೆ. ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣ ತಮ್ಮಂದಿರ ಕತೆ. ಅದು ಇನ್ನೊಂದು ವಾರ ಕಾದರೆ ನಷ್ಟವೇನಿಲ್ಲ. ನಿಮ್ಮ ಪತ್ರ ಕಾಯುವಂಥದ್ದಲ್ಲ.

ಓದುಗರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಇವರ ಮನೆಯಲ್ಲಿ ಐದು ವರ್ಷದ ಗಂಡು ಬೆಕ್ಕಿದೆ, ಹೆಸರು ಗುಂಡ. ಹೊಸಿಲು ದಾಟುವವನಲ್ಲ. ಹತ್ತು ದಿನದ ಹಿಂದೆ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಮಂಕಾಗಿ ಮೂಲೆ ಸೇರಿದ. ಜೊಲ್ಲು ಸುರಿಯತೊಡಗಿತು. ರಾತ್ರಿ ಹೊತ್ತಿಗೆ ಮುಖ ಊದಿತ್ತು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಆಕ್ಸಿಜನ್ ಕೊಟ್ಟರು, ಡ್ರಿಪ್ ಹಾಕಿದರು. ಮೂರು ದಿನ ಅಲ್ಲೇ ಇದ್ದ. ಬದುಕಿಕೊಂಡ. ಆದರೆ ಏನಾಯಿತು ಅಂತ ಮಾತ್ರ ಗೊತ್ತಾಗಲಿಲ್ಲ. ಹುಳ ಕಚ್ಚಿರಬಹುದು, ಏನೋ ವಿಷ ಸೇರಿರಬಹುದು, ಹೃದಯದ ತೊಂದರೆಯೂ ಇರಬಹುದು ಅಂದರಂತೆ ಡಾಕ್ಟರು. ಹೃದಯದ ಸ್ಕ್ಯಾನ್ ಮಾಡಲು ಮುಂದಿನ ವಾರ ಕರೆದಿದ್ದಾರೆ.

ಈಗ ಇವರಿಗೆ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು, ಮೊಬೈಲ್ ಟಾರ್ಚ್ ಹಿಡಿದು, ಗುಂಡನ ಪಕ್ಕೆ ಏರಿಳಿಯುವುದನ್ನು ನೋಡುತ್ತಾ ಕೂರುತ್ತಾರೆ. "ಕಾರಣವೇ ಗೊತ್ತಿಲ್ಲದ ಮೇಲೆ ಯಾವಾಗ ಬೇಕಾದರೂ ಮತ್ತೆ ಆಗಬಹುದಲ್ವಾ? ಈ ಭಯ ಇಟ್ಟುಕೊಂಡು ಹೇಗೆ ಇರಲಿ?" ಇದು ಪ್ರಶ್ನೆ.

ನಾಲ್ಕು ಪುಟದ ಪತ್ರ. ಮೂರನೇ ಪುಟದ ಕೊನೆಗೆ ಕಂಸದೊಳಗೆ ನಾಲ್ಕು ಸಾಲಿದೆ. ಅದನ್ನು ಇದ್ದ ಹಾಗೇ ಕೊಡುತ್ತೇನೆ:

"(ಆವತ್ತು ಮಧ್ಯಾಹ್ನ ಗುಂಡ ಸೀನುತ್ತಿದ್ದ ಅಂತ ನಮ್ಮತ್ತೆ ತಮ್ಮ ಜ್ವರದ ಮಾತ್ರೆಯಲ್ಲಿ ಅರ್ಧ ಪುಡಿ ಮಾಡಿ ಅವನ ಊಟದಲ್ಲಿ ಕಲಸಿದ್ದರಂತೆ. ಆಮೇಲೆ ಗೊತ್ತಾಯಿತು. ಬರೀ ಪ್ಯಾರಾಸಿಟಮಾಲ್, ಮಕ್ಕಳಿಗೂ ಕೊಡುತ್ತೇವಲ್ಲ. ಅಮ್ಮ ನೊಂದುಕೊಳ್ಳುತ್ತಾರೆ, ಅದನ್ನೆಲ್ಲ ಎತ್ತಬೇಡ ಅಂದರು ನಮ್ಮವರು. ಎರಡನೇ ದಿನವೂ ಡಾಕ್ಟರು ಏನಾದರೂ ಮಾತ್ರೆ ಹೊಟ್ಟೆಗೆ ಹೋಗಿತ್ತಾ ಅಂತ ಕೇಳಿದರು, ಇಲ್ಲ ಅಂದೆ.)"

ನೋಡಿ ಅಮ್ಮಾ, ಪತ್ರ ಓದಿ ಓದಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಜನ ನಿಜವಾದ ಪತ್ರವನ್ನು ಕಂಸದೊಳಗೇ ಬರೆಯುತ್ತಾರೆ. ಹೊರಗಿನದೆಲ್ಲ ಪೀಠಿಕೆ. ಅದು ಸಣ್ಣ ವಿಷಯ ಅಂತ ನಿಮಗೆ ನಿಜವಾಗಿ ಅನ್ನಿಸಿದ್ದರೆ ನೀವದನ್ನು ಬರೆಯುತ್ತಲೇ ಇರಲಿಲ್ಲ.

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಜಾಸ್ತಿಯಾದರೆ ವಿಷ ಅಂತಲ್ಲ. ಬೆಕ್ಕಿಗೆ ಇಷ್ಟು ಕೊಡಬಹುದು ಅನ್ನುವ ಅಳತೆಯೇ ಇಲ್ಲ. ನಮ್ಮ ಲಿವರ್ ಈ ಔಷಧಿಯನ್ನು ಪಳಗಿಸಿ ಹೊರಗೆ ಕಳಿಸುತ್ತದೆ. ಆ ಕೆಲಸಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಹಾಗಾಗಿ ಅದು ಮೈಯಲ್ಲೇ ಉಳಿದು, ಬೇರೆ ರೂಪಕ್ಕೆ ತಿರುಗಿ, ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ. ಕೆಟ್ಟ ರಕ್ತ ಆಕ್ಸಿಜನ್ ಹೊರುವುದಿಲ್ಲ. ಅದರ ಬಣ್ಣವೇ ಚಾಕೊಲೇಟಿನ ಹಾಗೆ ಆಗುತ್ತದೆ. ಒಸಡು ಕಂದು ಅಥವಾ ನೀಲಿಗೆ ತಿರುಗುತ್ತದೆ. ಮುಖ, ಪಂಜ ಊದುತ್ತವೆ. ಜೊಲ್ಲು, ಏದುಸಿರು. ಕೆಲವೇ ಗಂಟೆಗಳಲ್ಲಿ ಇಷ್ಟೂ ಶುರುವಾಗಬಹುದು. ಈಗ ನಿಮ್ಮ ಎರಡನೇ ಪುಟವನ್ನು ಜ್ಞಾಪಿಸಿಕೊಳ್ಳಿ. "ಡಾಕ್ಟರು ತುಟಿ ಎತ್ತಿ ತೋರಿಸಿದರು, ಒಸಡು ಮಣ್ಣಿನ ಬಣ್ಣಕ್ಕೆ ತಿರುಗಿತ್ತು" ಅಂತ ನೀವೇ ಬರೆದಿದ್ದೀರಿ.

ಲೆಕ್ಕವನ್ನೂ ಹಾಕಿಬಿಡೋಣ. ದೊಡ್ಡವರ ಮಾತ್ರೆ 500 ಮಿಲಿಗ್ರಾಂನದು ಅಂತಿಟ್ಟುಕೊಳ್ಳಿ, ಅರ್ಧ ಅಂದರೆ 250. ಗುಂಡ ನಾಲ್ಕು ಕಿಲೋ ಅಂದಿದ್ದೀರಿ. ಕಿಲೋಗೆ 60 ಮಿಲಿಗ್ರಾಂಗಿಂತ ಜಾಸ್ತಿ ಆಯಿತು. ಕಿಲೋಗೆ 10 ಮಿಲಿಗ್ರಾಂ ಹೋದದ್ದಕ್ಕೇ ಬೆಕ್ಕುಗಳು ಹಾಸಿಗೆ ಹಿಡಿದದ್ದುಂಟು. ಗುಂಡ ಕಹಿಗೆ ಮುಖ ತಿರುಗಿಸಿ ಅರ್ಧ ಊಟ ಬಿಟ್ಟಿದ್ದ ಅಂತ ಎಲ್ಲೋ ಬರೆದಿದ್ದೀರಲ್ಲ, ಬಹುಶಃ ಅದೇ ಅವನನ್ನು ಉಳಿಸಿತು.

ಇಷ್ಟು ಹೇಳಿದೆ ಅಂತ ಗುಂಡನ ಕಾಯಿಲೆಯನ್ನು ನಾನೇ ಕಂಡುಹಿಡಿದೆ ಅಂದುಕೊಳ್ಳಬೇಡಿ. ನಾನು ಡಾಕ್ಟರಲ್ಲ. ಹೃದಯದ ತೊಂದರೆಯೂ ಇರಬಹುದು, ಹುಳವೂ ಕಚ್ಚಿರಬಹುದು. ಯಾವುದು ಅಂತ ಹೇಳಬೇಕಾದವರು ಅವನನ್ನು ಮುಟ್ಟಿ ನೋಡಿದ ಡಾಕ್ಟರು. ನೀವು ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಈಗ ಹುಡುಕಿ ಅಂದಿದ್ದೀರಿ. ಆಮೇಲೆ ಕಾರಣ ಗೊತ್ತಾಗಲಿಲ್ಲ ಅಂತ ನನಗೆ ಪತ್ರ ಬರೆದಿದ್ದೀರಿ.

ಒಂದೇ ಪ್ರಶ್ನೆಯನ್ನು ಡಾಕ್ಟರು ಎರಡು ಸಲ ಕೇಳಿದರೆ ಅದು ಮರೆವಲ್ಲ, ಅನುಮಾನ. ಮೊದಲ ರಾತ್ರಿ ನೀವು ಹೇಳಿದ "ಇಲ್ಲ" ನಿಜವೇ ಆಗಿತ್ತು, ನಿಮಗೆ ಗೊತ್ತಿರಲಿಲ್ಲ. ಎರಡನೇ ದಿನದ "ಇಲ್ಲ" ಬೇರೆ. ಈ ವಿಷಕ್ಕೆ ಮದ್ದಿದೆ, ಅಸಿಟೈಲ್‌ಸಿಸ್ಟೀನ್ ಅಂತ. ಮನುಷ್ಯರಿಗೂ ಅದನ್ನೇ ಕೊಡುತ್ತಾರೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ನಿಮ್ಮ ಒಂದು "ಹೂಂ" ಸಿಕ್ಕಿದ್ದರೆ ಡಾಕ್ಟರು ಆ ದಾರಿ ಹಿಡಿಯುತ್ತಿದ್ದರೋ ಏನೋ.

ನಿಮ್ಮನ್ನು ಬೈಯುತ್ತಿದ್ದೇನೆ ಅಂದುಕೊಂಡಿರಾ? ಸ್ವಲ್ಪ ಬೈಯುತ್ತಿದ್ದೇನೆ. ಆದರೆ ಆ ಎರಡನೇ "ಇಲ್ಲ" ನಿಮ್ಮ ಬಾಯಿಂದ ಬಂದದ್ದಷ್ಟೇ, ಮಾತು ನಿಮ್ಮವರದು.

ನಿಮ್ಮ ಅತ್ತೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಗುಂಡ ಸೀನಿದ್ದನ್ನು ಮನೆಯಲ್ಲಿ ಗಮನಿಸಿದವರು ಅವರೊಬ್ಬರೇ. ತಮಗೆ ಜ್ವರ ಬಂದಾಗ ಯಾವುದರಿಂದ ಆರಾಮ ಸಿಕ್ಕಿತೋ ಅದನ್ನೇ ಕೊಟ್ಟರು. ಎರಡು ಚಮಚದ ನಡುವೆ ಮಾತ್ರೆ ಇಟ್ಟು ಒತ್ತಿ ಪುಡಿ ಮಾಡುವ ಆ ಕೈಯನ್ನು ನಾನು ಬಲ್ಲೆ. ನಮ್ಮ ಮನೆಯಲ್ಲೂ ಇಂಥ ಒಂದು ಕೈ ಇತ್ತು. ಅವರಿಗೆ ಗೊತ್ತಿರಲಿಲ್ಲ, ಕೊಟ್ಟರು. ಮುಗಿಯಿತು.

ನಿಮ್ಮ ಗಂಡನಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅಮ್ಮ ನೊಂದುಕೊಳ್ಳುತ್ತಾರೆ ಅನ್ನುವುದು ನೆಪ. ಒಂದು ಸಂಜೆ ಅಮ್ಮನ ಮುಂದೆ ಕೂತು ಇರಿಸುಮುರಿಸಿನ ಮಾತೊಂದನ್ನು ಆಡಬೇಕಲ್ಲ, ಅದು ಅವರಿಗೆ ಬೇಡ. ಅಷ್ಟಕ್ಕಾಗಿ ಒಂದು ಬೆಕ್ಕಿನ ಚಿಕಿತ್ಸೆ ಅಡ್ಡದಾರಿ ಹಿಡಿಯಿತು, ಒಬ್ಬ ಡಾಕ್ಟರು ಕತ್ತಲಲ್ಲಿ ಕೈಯಾಡಿಸಿದರು, ನೀವು ನಿದ್ದೆ ಬಿಟ್ಟಿರಿ. ಪತ್ರದ ಕೊನೆಗೆ "ನಮ್ಮವರು ತುಂಬಾ ಸಪೋರ್ಟಿವ್, ರಾತ್ರಿ ನನ್ನನ್ನು ಗುಂಡನ ಪಕ್ಕದಿಂದ ಎಬ್ಬಿಸಿ ಮಲಗು ಅನ್ನುತ್ತಾರೆ" ಅಂತ ಬೇರೆ ಬರೆದಿದ್ದೀರಿ. ಮಲಗು ಅನ್ನುವುದಕ್ಕೆ ಖರ್ಚೇನಿದೆ?

ಇನ್ನೊಂದು ಯೋಚನೆ ಅವರ ತಲೆಗೆ ಬಂದಿಲ್ಲ. ಗುಂಡ ಈಗ ಇಡೀ ದಿನ ಅತ್ತೆಯ ಮಡಿಲಲ್ಲೇ ಇರುತ್ತಾನೆ ಅಂದಿರಿ. ಅವರಿಗೆ ಯಾರೂ ಏನೂ ಹೇಳಿಲ್ಲ. ನಾಳೆ ಗುಂಡ ಮತ್ತೆ ಸೀನಿದರೆ? ಅದೇ ಡಬ್ಬಿ, ಅದೇ ಎರಡು ಚಮಚ. ಉಳಿದ ಅರ್ಧ ಮಾತ್ರೆ ಅಲ್ಲೇ ಇದೆ.

ನಾನೇನು ಸಾಚಾ ಅಲ್ಲ. ನನ್ನ ಹತ್ತಿರವೂ ಒಂದು ಗಂಡು ಬೆಕ್ಕಿತ್ತು. ಒಂದು ರಾತ್ರಿ ಮರಳಿನ ಟ್ರೇಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಕೆರೆಯುವ ಸದ್ದು ಗೋಡೆಯಾಚೆಗೂ ಕೇಳುತ್ತಿತ್ತು. ಮಲಬದ್ಧತೆ ಅಂದುಕೊಂಡೆ. ಕತ್ತು ತುರಿಸಿದರೆ ಗುರುಗುಟ್ಟಿದ, ಹುಷಾರಾಗಿದ್ದಾನೆ ಅಂದುಕೊಂಡೆ. ಬೆಕ್ಕು ನೋವಿದ್ದಾಗಲೂ ಗುರುಗುಟ್ಟುತ್ತದೆ ಅಂತ ಆಗ ಗೊತ್ತಿರಲಿಲ್ಲ. ಬೆಳಿಗ್ಗೆ ನೋಡೋಣ ಅಂತ ಮಲಗಿದೆ. ಬೆಳಿಗ್ಗೆ ಟ್ರೇಗೆ ಕೈ ಹಾಕಿದರೆ ಮರಳು ಒಣಗೇ ಇತ್ತು. ಒಂದು ಹನಿ ಇಲ್ಲ.

ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಅದು ಕಟ್ಟಿಕೊಂಡರೆ ಮೂತ್ರ ಹಿಂದಕ್ಕೆ ಒತ್ತುತ್ತದೆ, ಕಿಡ್ನಿ ಕೈಬಿಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಒಂದೆರಡು ದಿನದ ಆಟ, ಅಷ್ಟೇ. ಕೊನೆಯ ಸಲ ಯಾವಾಗ ಮೂತ್ರ ಮಾಡಿತ್ತು ಅಂತ ಡಾಕ್ಟರು ಕೇಳಿದರು. ಮೊನ್ನೆ ಅನ್ನಲು ನಾಚಿಕೆಯಾಗಿ ನಿನ್ನೆ ಅಂದೆ. ಅವರು ಹೊಟ್ಟೆ ಮುಟ್ಟಿ ನೋಡಿದರು. ಕಲ್ಲಿನ ಹಾಗೆ ಗಟ್ಟಿಯಾದ ಮೂತ್ರಕೋಶ ಕೈಗೆ ಸಿಕ್ಕಿತು. ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಹೋಗಿಬಿಟ್ಟ. ನನ್ನ ಸುಳ್ಳಿನಿಂದ ಹೋದ ಅಂತಲ್ಲ. ಆದರೆ ಅವನನ್ನು ನೆನೆದಾಗೆಲ್ಲ ಮೊದಲು ಬರುವುದು ಆ ಸುಳ್ಳೇ.

ಅದಕ್ಕೇ ಎರಡು ಮಾತು ಈ ಅಂಕಣದಲ್ಲಿ ಮತ್ತೆ ಮತ್ತೆ ಬರುತ್ತವೆ, ಬೇಜಾರಾದರೂ ಸಹಿಸಿಕೊಳ್ಳಿ. ಬೆಕ್ಕಿನ ವಿಷಯದಲ್ಲಿ "ಬೆಳಿಗ್ಗೆ ನೋಡೋಣ" ಬೇಡ. ಬೆಕ್ಕಿನ ಕ್ಯಾರಿಯರ್ ಅಟ್ಟದ ಮೇಲೆ ಇರಬಾರದು. ಕ್ಯಾರಿಯರ್ ಇಳಿಸಿ, ಧೂಳು ಕೊಡವಿ, ಗುಂಡನನ್ನು ತುರುಕಲು ನಿಮಗೆ ಅರ್ಧ ಗಂಟೆ ಹಿಡಿಯಿತಂತೆ. ಅದು ದಿನವೂ ಕೆಳಗೆ ಬಾಗಿಲು ತೆಗೆದೇ ಇರಲಿ, ಒಳಗೆ ಹಳೇ ಟವೆಲ್ ಹಾಸಿರಲಿ. ಅವನೇ ಹೋಗಿ ಮಲಗುತ್ತಾನೆ.

ಈಗ ನಿಮ್ಮ ಭಯ. ಇದನ್ನು ಓದುತ್ತಿರುವ ಬೇರೆಯವರೂ ಇದ್ದಾರೆ, ಅವರ ಬೆಕ್ಕಿಗೆ ನಿಜಕ್ಕೂ ಯಾರ ತಪ್ಪೂ ಇಲ್ಲದೆ ಏನೋ ಆಗಿರುತ್ತದೆ. ನಿಂತಿದ್ದ ಬೆಕ್ಕು ಒಮ್ಮೆಲೇ ಚೀರಿ ಹಿಂಗಾಲು ಎಳೆಯತೊಡಗುತ್ತದೆ, ಮುಟ್ಟಿದರೆ ಪಾದ ತಣ್ಣಗೆ. ಹೃದಯದಲ್ಲಿ ಕಟ್ಟಿದ ರಕ್ತದ ಗಡ್ಡೆಯೊಂದು ಜಾರಿ ಬಂದು ಕಾಲಿನ ರಕ್ತನಾಳ ಮುಚ್ಚಿರುತ್ತದೆ. ಅದರ ಹಿಂದಿನ ದಿನ ಅದೇ ಬೆಕ್ಕು ಪರದೆ ಹತ್ತಿ ಆಡಿರುತ್ತದೆ. ಹೃದಯದ ಗೋಡೆ ದಪ್ಪವಾಗುವ ಆ ಕಾಯಿಲೆ ಎಷ್ಟೋ ಸಲ ಸ್ಟೆತಾಸ್ಕೋಪಿಗೂ ಸಿಗುವುದಿಲ್ಲ. ಅಂಥವರು "ಮೊದಲೇ ಗೊತ್ತಾಗಬೇಕಿತ್ತು" ಅಂತ ಕೊರಗುತ್ತಾರೆ. ಗೊತ್ತಾಗುವಂಥದ್ದು ಏನೂ ಇರಲಿಲ್ಲ. ಅವರ ಜೊತೆ ಕೂತು ಅಳಲು ನಾನು ಸಿದ್ಧ. ನಿಮ್ಮದು ಆ ಭಯವಲ್ಲ. ನಿಮ್ಮ ಹತ್ತಿರ ಒಂದು ಕಾರಣ ಇದೆ, ಅದನ್ನು ಹೇಳದೆ ಇಟ್ಟುಕೊಂಡಿದ್ದೀರಿ. ಟಾರ್ಚ್ ಹಿಡಿದು ಹುಡುಕುತ್ತಿರುವುದೂ ಅದನ್ನೇ.

ಟಾರ್ಚ್ ಅಂದ ಮೇಲೆ, ಉಸಿರು ಎಣಿಸುವುದಾದರೆ ಸರಿಯಾಗಿ ಎಣಿಸಿ. ಅವನು ಚೆನ್ನಾಗಿ ನಿದ್ದೆ ಹೋಗಿರಬೇಕು, ಮುಖಕ್ಕೆ ಬೆಳಕು ಬಿಡಬಾರದು. ಪಕ್ಕೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ. 30ರ ಒಳಗಿದ್ದರೆ ಬರೆದಿಟ್ಟು ಮಲಗಿ. ಸಲ ಸಲಕ್ಕೂ 30 ದಾಟಿದರೆ ಡಾಕ್ಟರಿಗೆ ಹೇಳಿ. ಬಾಯಿ ತೆರೆದು ಉಸಿರಾಡಿದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಇನ್ನು ನೀವು ಮಾಡಬೇಕಾದ ಕೆಲಸ ಒಂದೇ. ಇದನ್ನು ಓದಿದ ಕೂಡಲೇ ಆ ಡಾಕ್ಟರಿಗೆ ಫೋನ್ ಮಾಡಿ. ಹೀಗೆ ಹೇಳಿ: "ಡಾಕ್ಟ್ರೇ, ಆವತ್ತು ಮಧ್ಯಾಹ್ನ ಅವನಿಗೆ ಅರ್ಧ ಪ್ಯಾರಾಸಿಟಮಾಲ್ ಹಾಕಿದ್ದರು. ನನಗೆ ಆಮೇಲೆ ಗೊತ್ತಾಯಿತು. ನೀವು ಎರಡನೇ ಸಲ ಕೇಳಿದಾಗ ನಾನು ಸುಳ್ಳು ಹೇಳಿದೆ." ಅಷ್ಟೇ. ಯಾರು ಹಾಕಿದರು, ಯಾಕೆ ಹಾಕಿದರು, ಮನೆಯಲ್ಲಿ ಏನು ಪರಿಸ್ಥಿತಿ, ಇದೆಲ್ಲ ಅವರಿಗೆ ಬೇಡ. ಬೈದರೆ ಬೈಸಿಕೊಳ್ಳಿ. ಕೆಂಪು ಕಣಗಳಿಗೆ ಆದ ಪೆಟ್ಟಿನಿಂದ ರಕ್ತಹೀನತೆ ಕೆಲವು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದು, ಲಿವರ್ ಹೇಗಿದೆ ಅಂತಲೂ ನೋಡಬೇಕಾಗಬಹುದು. ಸ್ಕ್ಯಾನ್ ಬೇಕೋ ಬೇಡವೋ ಅವರೇ ಹೇಳುತ್ತಾರೆ. ಮಾತ್ರೆಯ ಸ್ಟ್ರಿಪ್ ಪಕ್ಕದಲ್ಲಿಟ್ಟುಕೊಂಡು ಫೋನ್ ಮಾಡಿ, ಎಷ್ಟು ಮಿಲಿಗ್ರಾಂನದು ಅಂತ ಕೇಳುತ್ತಾರೆ.

ಅತ್ತೆಗೆ ಹೇಳುವ ಕೆಲಸ ನಿಮ್ಮದಲ್ಲ, ಅವರ ಮಗನದು. ಈ ಉತ್ತರವನ್ನು ನಿಮ್ಮವರ ಕೈಗೆ ಕೊಡಿ.

ಫೋನ್ ಎತ್ತಿದವರು "ಡಾಕ್ಟರು ಇಲ್ಲ, ಬೆಳಿಗ್ಗೆ ಮಾಡಿ" ಅಂದರೆ ನಿಮ್ಮ ಹೆಸರು, ಗುಂಡನ ಹೆಸರು, ಮಾತ್ರೆಯ ಹೆಸರು ಬರೆದುಕೊಳ್ಳಲು ಹೇಳಿ. ಬರೆದದ್ದನ್ನು ಅವರಿಂದ ಒಂದು ಸಲ ಓದಿಸಿಕೊಂಡು ಆಮೇಲೆ ಫೋನ್ ಇಡಿ.