ಏಯ್ಟ್ ಮೈಲ್ ರಸ್ತೆಯ ಆಚೆ, ಈಚೆ

ಪ್ರಶ್ನೆ: ಕಾರು ಕಂಪನಿಯ ಕೆಲಸಕ್ಕಾಗಿ ದಾವಣಗೆರೆಯಿಂದ ಡೆಟ್ರಾಯಿಟ್ ಸಮೀಪದ ಟ್ರಾಯ್‌ಗೆ ಬಂದು ಒಂದೂವರೆ ವರ್ಷವಾಯಿತು. ಮನೆ ಹುಡುಕುವಾಗ ಶಾಲೆಯ ರೇಟಿಂಗ್ ನೋಡಿ ಎಂದು ಎಲ್ಲರೂ ಹೇಳಿದರು. ನಮ್ಮ ಕಡೆಯ ಶಾಲೆಗಳಿಗೆ ಹತ್ತಕ್ಕೆ ಎಂಟು, ಒಂಬತ್ತು. ಡೆಟ್ರಾಯಿಟ್ ನಗರದೊಳಗೆ ನಾವು ನೋಡಿದ ಶಾಲೆಗಳಿಗೆ ಎರಡು, ಮೂರು. ಅಲ್ಲಿರುವವರು ಬಹುಪಾಲು ಕಪ್ಪುವರ್ಣೀಯ ಮಕ್ಕಳು. ‘ಅವರ ಮನೆಗಳಲ್ಲಿ ಓದಿಗೆ ಬೆಲೆಯಿಲ್ಲ, ನಾವೂ ಬಡತನದಲ್ಲೇ ಓದಿ ಮೇಲೆ ಬರಲಿಲ್ಲವೇ’ ಎನ್ನುವವರು ನಮ್ಮವರೇ. ಇದು ನಿಜವೇ ಎಂದು ಆರನೇ ತರಗತಿಯ ಮಗಳು ಕೇಳಿದಳು. ಏನು ಹೇಳಲಿ?

ಉತ್ತರ: ಹೇಳುವ ಮೊದಲು ಒಂದು ಭಾನುವಾರ ಆಕೆಗೆ ಒಂದು ಗೋಡೆ ತೋರಿಸಿ. ನಿಮ್ಮ ಮನೆಯಿಂದ ದೂರವೇನಿಲ್ಲ. ಡೆಟ್ರಾಯಿಟಿನ ಉತ್ತರದ ಗಡಿ ಏಯ್ಟ್ ಮೈಲ್ ರಸ್ತೆ; ಅದರ ದಕ್ಷಿಣಕ್ಕೆ, ಮನೆಗಳ ಹಿತ್ತಿಲುಗಳ ನಡುವೆ, ಸುಮಾರು 6 ಅಡಿ ಎತ್ತರದ ಕಾಂಕ್ರೀಟ್ ಗೋಡೆಯೊಂದು ಅರ್ಧ ಮೈಲಿ ಉದ್ದಕ್ಕೆ ನಿಂತಿದೆ. ಈಗ ಅದರ ಒಂದು ಭಾಗದ ಮೇಲೆ ಬಣ್ಣದ ಚಿತ್ರಗಳಿವೆ. ಕಟ್ಟಿದ್ದು 1941ರಲ್ಲಿ. ಬಿಳಿಯರಿಗಾಗಿ ಮನೆ ಕಟ್ಟಿ ಮಾರಲು ಹೊರಟವನೊಬ್ಬನಿಗೆ ಕೇಂದ್ರ ಸರ್ಕಾರದ ವಸತಿ ಸಂಸ್ಥೆ ಸಾಲದ ಖಾತರಿ ಕೊಡಲಿಲ್ಲ. ಪಕ್ಕದಲ್ಲೇ ಕಪ್ಪುವರ್ಣೀಯರ ಕೇರಿ ಇದೆ ಎಂಬುದು ಕಾರಣ. ನಡುವೆ ಗೋಡೆ ಎಬ್ಬಿಸಿದ ಮೇಲೆ ಖಾತರಿ ಸಿಕ್ಕಿತು. ಗೋಡೆಯ ಒಂದು ಕಡೆಯವರು ಸರ್ಕಾರದ ಖಾತರಿಯ ಮೇಲೆ ಮನೆ ಕೊಂಡರು, ಮನೆಯ ಬೆಲೆ ಏರಿತು, ಆ ಆಸ್ತಿಯ ಬಲದಿಂದ ಮಕ್ಕಳನ್ನು ಕಾಲೇಜಿಗೆ ಕಳುಹಿಸಿದರು. ಇನ್ನೊಂದು ಕಡೆಯವರಿಗೆ ಆಗ ಆ ಸಾಲ ಸಿಗುವುದೇ ಕಷ್ಟವಿತ್ತು. ‘ಓದಿಗೆ ಬೆಲೆಯಿಲ್ಲ’ ಎನ್ನುವ ಮಾತಿಗೆ ಮುಂಚಿನ ಕಥೆ ಇದು.

ಮನೆಯ ಗಡಿ ಶಾಲೆಯ ಗಡಿಯಾದದ್ದು ಹೇಗೆ? ಅಮೆರಿಕದಲ್ಲಿ ಶಾಲೆಗಳನ್ನು ನಡೆಸುವುದು ಊರೂರಿನ ಶಾಲಾ ಜಿಲ್ಲೆಗಳು. ಜನಾಂಗದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಬ್ರೌನ್ ತೀರ್ಪನ್ನು ಎಲ್ಲರೂ ನೆನೆಯುತ್ತಾರೆ. ನಿಮ್ಮ ಮಗಳಿಗೆ ಬೇಕಾದದ್ದು ಅದಕ್ಕೆ 20 ವರ್ಷ ನಂತರದ ಇನ್ನೊಂದು ತೀರ್ಪು, ಅದೂ ಡೆಟ್ರಾಯಿಟಿನದೇ. ಬಿಳಿಯರು ಆಗಲೇ ಉಪನಗರಗಳಿಗೆ ಹೊರಟಿದ್ದರು. ನಗರದೊಳಗಿನ ಮಕ್ಕಳನ್ನು ಎಷ್ಟು ಅದಲುಬದಲು ಮಾಡಿದರೂ ಬೆರೆಸಲು ಸಾಕಷ್ಟು ಬಿಳಿಯ ಮಕ್ಕಳು ಉಳಿದಿರಲಿಲ್ಲ. ಹೀಗಾಗಿ ಕೆಳಗಿನ ಕೋರ್ಟಿನ ನ್ಯಾಯಾಧೀಶ ಸ್ಟೀಫನ್ ರಾತ್ ಸುತ್ತಲಿನ 53 ಉಪನಗರ ಜಿಲ್ಲೆಗಳನ್ನೂ ಸೇರಿಸಿ ಯೋಜನೆ ಮಾಡಿ ಎಂದು ಆದೇಶಿಸಿದರು. 1974ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು 5-4ರ ಬಹುಮತದಿಂದ ತಳ್ಳಿಹಾಕಿತು: ಉಪನಗರಗಳು ತಪ್ಪು ಮಾಡಿವೆ ಎಂದು ಸಾಬೀತಾಗಿಲ್ಲ, ಅವುಗಳ ಗಡಿ ದಾಟುವಂತಿಲ್ಲ. ಬ್ರೌನ್ ಮೊಕದ್ದಮೆಯಲ್ಲಿ ವಕೀಲರಾಗಿ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈ ಬಾರಿ ನ್ಯಾಯಮೂರ್ತಿಯಾಗಿ ಭಿನ್ನಮತ ಬರೆದರು. ಮಹಾನಗರಗಳು ಬಿಳಿಯರದೊಂದು, ಕಪ್ಪುವರ್ಣೀಯರದೊಂದು ಎಂದು ಎರಡಾಗಲು ಬಿಡುವುದು ಸುಲಭದ ದಾರಿ, ಆದರೆ ಮುಂದೆ ನಮ್ಮ ಜನ ಇದಕ್ಕೆ ಪರಿತಪಿಸುತ್ತಾರೆ ಎಂದರು. 1950ರಲ್ಲಿ 18 ಲಕ್ಷ ದಾಟಿದ್ದ ಡೆಟ್ರಾಯಿಟಿನ ಜನಸಂಖ್ಯೆ ಈಗ ಏಳು ಲಕ್ಷವೂ ಇಲ್ಲ.

ದುಡ್ಡಿನ ವಿಷಯದಲ್ಲಿ ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯ ಸ್ವಲ್ಪ ಬೇರೆ. ಆಸ್ತಿ ತೆರಿಗೆಯಿಂದಲೇ ಶಾಲೆ ನಡೆಯುತ್ತದೆ ಎಂಬ ಮಾತು ಇಲ್ಲಿ ಅರ್ಧ ಸತ್ಯ. 1994ರಿಂದ ಸಂಬಳ, ಪುಸ್ತಕಗಳ ದಿನನಿತ್ಯದ ಖರ್ಚನ್ನು ಬಹುಮಟ್ಟಿಗೆ ರಾಜ್ಯವೇ ಕೊಡುತ್ತದೆ. ಅದಕ್ಕಾಗಿ ಮಾರಾಟ ತೆರಿಗೆಯನ್ನು ಶೇ 4ರಿಂದ 6ಕ್ಕೆ ಏರಿಸಿದರು. ಆದರೆ ಕಟ್ಟಡಕ್ಕೆ ಇಂದಿಗೂ ಊರಿನ ಆಸ್ತಿ ತೆರಿಗೆಯೇ ಗತಿ. ಮನೆಗಳ ಬೆಲೆ ಬಿದ್ದ ಊರಿನಲ್ಲಿ ಚಾವಣಿ ಸೋರುತ್ತದೆ. 2016ರಲ್ಲಿ ಡೆಟ್ರಾಯಿಟಿನ ಶಿಕ್ಷಕರು ಸಾಮೂಹಿಕವಾಗಿ ರಜೆ ಹಾಕಿ ಶಾಲೆಗಳನ್ನು ಮುಚ್ಚಿಸಿದಾಗ ಅವರ ದೂರುಗಳಲ್ಲಿ ಬೂಷ್ಟು ಹಿಡಿದ ಗೋಡೆಗಳಿದ್ದವು, ಇಲಿಗಳೂ ಇದ್ದವು. ಅದೇ ವರ್ಷ, ನಮಗೆ ಓದಲು ಕಲಿಸಲೇ ಇಲ್ಲ ಎಂದು ವಿದ್ಯಾರ್ಥಿಗಳು ರಾಜ್ಯದ ಮೇಲೆ ಮೊಕದ್ದಮೆ ಹೂಡಿದರು. ಅದು 2020ರಲ್ಲಿ ರಾಜಿಯಾಯಿತು. ಓದಿಗೆ ಬೆಲೆ ಕೊಡದವರ ಮಕ್ಕಳು ಓದಲು ಕಲಿಸಿ ಎಂದು ಕೋರ್ಟಿಗೆ ಹೋಗುವುದಿಲ್ಲ.

ಗೈರುಹಾಜರಿಯನ್ನು ಮುಚ್ಚಿಡುವುದು ಬೇಡ. ನಗರದ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವರ್ಷದ ಶೇ 10ಕ್ಕಿಂತ ಹೆಚ್ಚು ದಿನ ತಪ್ಪಿಸಿಕೊಂಡ ವರ್ಷಗಳಿವೆ. ಆದರೆ ನಿಮ್ಮ ಮಗಳನ್ನು ಒಯ್ಯಲು ಹಳದಿ ಬಸ್ ಬರುತ್ತದೆ ಅಥವಾ ಮನೆಯಲ್ಲಿ ಕಾರಿದೆ. ಜನವರಿಯ ಹಿಮದಲ್ಲಿ, ಇನ್ನೂ ಕತ್ತಲಿರುವಾಗಲೇ ನಗರ ಸಾರಿಗೆ ಬಸ್ಸಿಗೆ ಕಾಯುವ ಪ್ರೌಢಶಾಲೆಯ ಹುಡುಗನ ಜಾಗದಲ್ಲಿ ಆಕೆ ಒಂದು ವಾರ ನಿಂತರೆ ಹಾಜರಿ ಎಷ್ಟಿರುತ್ತದೆ, ಲೆಕ್ಕ ಹಾಕಿ.

‘ನಾವೂ ಬಡತನದಿಂದ ಬಂದೆವು’ ಎನ್ನುವುದಕ್ಕೆ ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತೇನೆ. ನಮ್ಮನ್ನು ಜರಡಿ ಹಿಡಿದು ಇಲ್ಲಿಗೆ ತಂದಿದ್ದಾರೆ. ಎಂಜಿನಿಯರಿಂಗ್ ಪದವಿ ಇಲ್ಲದಿದ್ದರೆ ನಿಮಗೆ ಆ ವೀಸಾ ಸಿಗುತ್ತಿತ್ತೇ? ನಿಮ್ಮ ಜೊತೆ ಓದಿ ಹತ್ತನೇ ತರಗತಿಯಲ್ಲಿ ನಪಾಸಾದವರು ದಾವಣಗೆರೆಯಲ್ಲೇ ಇದ್ದಾರೆ, ಟ್ರಾಯ್‌ನಲ್ಲಿಲ್ಲ. ಜರಡಿ ಹಿಡಿದ ಕಾಳನ್ನು ಇಡೀ ರಾಶಿಯ ಜೊತೆ ತೂಗಿ ಮೇಲುಕೀಳು ಹೇಳುವುದು ಸರಿಯಲ್ಲ.

ಇನ್ನು ಮನೆಯ ಸಂಸ್ಕಾರವೇ ಕಾರಣ ಎನ್ನುವವರು ಒಂದು ಲೆಕ್ಕಕ್ಕೆ ಉತ್ತರ ಕೊಡಬೇಕು. ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದ ಓದಿನ ಪರೀಕ್ಷೆಯಲ್ಲಿ 13 ವರ್ಷದ ಬಿಳಿಯ ಮತ್ತು ಕಪ್ಪುವರ್ಣೀಯ ಮಕ್ಕಳ ಸರಾಸರಿಯ ಅಂತರ 1971ರಲ್ಲಿ 39 ಅಂಕ. 1988ರಲ್ಲಿ 18. ಹದಿನೇಳು ವರ್ಷಗಳಲ್ಲಿ ಲಕ್ಷಾಂತರ ಮನೆಗಳ ಸಂಸ್ಕಾರ ಬದಲಾಯಿತೇ? ಆ ಅವಧಿಯಲ್ಲಿ, ಮುಖ್ಯವಾಗಿ ದಕ್ಷಿಣದ ರಾಜ್ಯಗಳಲ್ಲಿ, ಮಕ್ಕಳು ಬೆರೆತು ಓದುತ್ತಿದ್ದರು. ಕಪ್ಪುವರ್ಣೀಯ ಕುಟುಂಬಗಳಲ್ಲಿ ತಂದೆತಾಯಿಯರ ಓದು ಹೆಚ್ಚುತ್ತಿತ್ತು. ಯಾವುದರ ಪಾಲು ಎಷ್ಟು ಎಂಬ ವಾದ ಮುಗಿದಿಲ್ಲ. ಅಂತರ ಕುಗ್ಗಬಲ್ಲದು ಎಂಬುದರಲ್ಲಿ ವಾದವಿಲ್ಲ. ಆಮೇಲೆ ಆ ವೇಗ ನಿಂತಿತು.

ಪ್ರಶ್ನೆ: ನಾವು ಷಿಕಾಗೊ ನಗರದೊಳಗೇ ಇದ್ದೇವೆ. ಮಗನ ಸರ್ಕಾರಿ ಶಾಲೆಗೆ ರೇಟಿಂಗ್ ನಾಲ್ಕು. ಅವನಿಗೆ ಶಾಲೆ ಇಷ್ಟ. ಉಪನಗರಕ್ಕೆ ಮನೆ ಬದಲಿಸಬೇಕೇ?

ಉತ್ತರ: ರೇಟಿಂಗ್ ಒಂದಕ್ಕಾಗಿ ಬೇಡ. ನಮ್ಮೂರಿನಲ್ಲಿ ಶಾಲೆಗಳು ‘ನೂರಕ್ಕೆ ನೂರು ಫಲಿತಾಂಶ’ ಎಂದು ಫ್ಲೆಕ್ಸ್ ಕಟ್ಟುತ್ತವಲ್ಲ, ಅಂಕ ಕಡಿಮೆ ಇರುವವರಿಗೆ ಸೀಟನ್ನೇ ಕೊಡದೆ? ಇಲ್ಲಿ ಆ ಜರಡಿಯ ಕೆಲಸವನ್ನು ಮನೆ ಬಾಡಿಗೆ ಮಾಡುತ್ತದೆ. ರೇಟಿಂಗಿನ ಹಿಂದಿರುವ ಸರಾಸರಿ ಅಂಕ ಹೆಚ್ಚಾಗಿ ಹೇಳುವುದು ತಂದೆತಾಯಿಯರ ವರಮಾನವನ್ನು. ಮಗು ಎಲ್ಲಿಂದ ಎಲ್ಲಿಗೆ ಬಂತು ಎಂಬುದು ಬೇರೆ ಅಳತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಷಾನ್ ರಿಯರ್ಡನ್ ಆ ಅಳತೆಯಿಂದ ನೋಡಿದಾಗ, 2009ರಿಂದ 2014ರ ನಡುವೆ ಮೂರನೆಯಿಂದ ಎಂಟನೇ ತರಗತಿಯವರೆಗಿನ ಐದು ವರ್ಷಗಳಲ್ಲಿ ಷಿಕಾಗೊ ಮಕ್ಕಳು ಆರು ವರ್ಷದಷ್ಟು ಕಲಿತಿದ್ದರು. ಅನೇಕ ಶ್ರೀಮಂತ ಜಿಲ್ಲೆಗಳು ಆ ವೇಗ ಮುಟ್ಟಿರಲಿಲ್ಲ. ಅವರ ತಂಡದ ಜಾಲತಾಣದಲ್ಲಿ ಈ ಬೆಳವಣಿಗೆಯ ಅಂಕಿಗಳು ಎಲ್ಲರಿಗೂ ತೆರೆದಿವೆ. ನಿಮ್ಮ ಶಾಲೆಯದನ್ನು ಹುಡುಕಿ. ಆಮೇಲೆ ಶಾಲೆಗೇ ಹೋಗಿ ಮೂರು ವಿಷಯ ಕೇಳಿ: ಕಳೆದ ವರ್ಷದ ಶಿಕ್ಷಕರಲ್ಲಿ ಈ ವರ್ಷ ಎಷ್ಟು ಮಂದಿ ಉಳಿದಿದ್ದಾರೆ, ಕಾಯಂ ಶಿಕ್ಷಕರಿಲ್ಲದೆ ಬದಲಿಯವರಿಂದ ನಡೆಯುತ್ತಿರುವ ತರಗತಿಗಳೆಷ್ಟು, ಗಣಿತದಲ್ಲಿ ಮುಂದಿರುವ ಹುಡುಗನಿಗೆ ಎಂಟನೇ ತರಗತಿಯಲ್ಲಿ ಬೀಜಗಣಿತ ಸಿಗುತ್ತದೆಯೇ. ಕೊನೆಯದಕ್ಕೆ ಹೌದು ಎಂದರೆ, ಆ ತರಗತಿಯಲ್ಲಿ ಯಾರು ಯಾರು ಕುಳಿತಿದ್ದಾರೆ ಎಂದು ಬಾಗಿಲಿನಿಂದ ಒಮ್ಮೆ ನೋಡಿ ಬನ್ನಿ.